ಆದಿನಾರಾಯಣಪ್ಪನವರು ಬೇಡವೆಂದ ಲಾಟು

ದೇವನಹಳ್ಳಿ ಹತ್ತಿರದ ವಿಜಯಪುರದ ರೇಷ್ಮೆ ರೀಲರ್ ಆದಿನಾರಾಯಣಪ್ಪನವರು ಯಾವ ವಸ್ತುವನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ನಂಬಿದವರಲ್ಲ. ತೆಂಗಿನಕಾಯಿಯಾದರೆ ಸರಿ, ಅದನ್ನು ಎಲ್ಲರೂ ಅಲ್ಲಾಡಿಸುತ್ತಾರೆ. ಇವರು ಬೆಂಕಿಪೊಟ್ಟಣ, ಟಾರ್ಚು, ಮಾತ್ರೆಯ ಡಬ್ಬಿ, ಅತ್ತೆಯ ಕುಂಕುಮದ ಭರಣಿ, ಕೈಗೆ ಸಿಕ್ಕಿದ್ದನ್ನೆಲ್ಲ ಎರಡು ಸಲ ಕುಲುಕಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಮ್ಮೆ ನನ್ನ ಹೊಸ ಮೊಬೈಲನ್ನೂ ಕುಲುಕಿ, "ಒಳಗೆ ಏನೂ ಇಲ್ಲ ಅಳಿಯಾ, ಮೋಸ ಹೋಗಿದೀಯ" ಎಂದು ವಾಪಸು ಕೊಟ್ಟಿದ್ದರು. ಆಮೇಲೆ ನಾನು ಅದರಲ್ಲಿ ಕಳೆದ ಗಂಟೆಗಳನ್ನು ನೆನೆದರೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಅವರು ನನಗೆ ಮಾವ, ಎಂದರೆ ನಮ್ಮ ತಂದೆಯ ತಂಗಿ ಅಂಜಿನಮ್ಮನ ಗಂಡ. ಮನೆಯ ಹಿಂದೆ ಒಂದು ಶೆಡ್ಡು, ಶೆಡ್ಡಿನೊಳಗೆ ಬಿಸಿನೀರಿನ ಬೇಸಿನ್ನುಗಳು, ಬೆಂದ ಗೂಡಿನಿಂದ ಎಳೆ ಬಿಚ್ಚಿ ಸುತ್ತುವ ರಾಟೆಗಳು. ಆ ಶೆಡ್ಡಿನ ವಾಸನೆ ಹೊಸಬರಿಗೆ ಮೂಗು ಮುಚ್ಚಿಸುತ್ತದೆ. ಮಾವನಿಗೆ ಮಾತ್ರ ಅದು ಹಸಿವು ಹುಟ್ಟಿಸುತ್ತಿತ್ತು. ಆದರೆ ಅವರ ಹೆಸರು ನಿಂತದ್ದು ನೂಲು ತೆಗೆಯುವುದರಲ್ಲಲ್ಲ, ಗೂಡು ಆರಿಸುವುದರಲ್ಲಿ. ಗೂಡಿನ ಮಾರುಕಟ್ಟೆಯಲ್ಲಿ ರೈತರು ತಂದ ಗೂಡನ್ನು ಲಾಟು ಲಾಟಾಗಿ ಹರಡಿರುತ್ತಾರೆ. ಚೆನ್ನಾಗಿರುವ ಗೂಡು ಮೇಲೆ, ಚೆನ್ನಾಗಿಲ್ಲದ್ದು ಕೆಳಗೆ, ಇದು ಲೋಕರೂಢಿ. ಮಾವ ಮೇಲಿನದನ್ನು ನೋಡುತ್ತಲೇ ಇರಲಿಲ್ಲ. ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಗೂಡು ತೆಗೆದು, ಕಿವಿಯ ಹತ್ತಿರ ಕುಲುಕುತ್ತಿದ್ದರು. ಒಳಗಿನ ಹುಳ ಗಟ್ಟಿಯಾಗಿ, ಒಣ ಸದ್ದಿನಲ್ಲಿ ಗೋಡೆಗೆ ತಾಗಿದರೆ ಗೂಡು ಒಳ್ಳೆಯದು. ಸದ್ದೇ ಇಲ್ಲದಿದ್ದರೆ ಹುಳ ಒಳಗೇ ಸತ್ತು ಕರಗಿ ಅಂಟಿಕೊಂಡಿದೆ ಎಂದರ್ಥ. ಅಂಥ ಗೂಡಿನ ಎಳೆ ಹತ್ತು ಮೊಳಕ್ಕೊಮ್ಮೆ ತುಂಡಾಗುತ್ತದೆ. ಮೂರು ಗೂಡು ಕುಲುಕಿ ಮಾವ "ಬ್ಯಾಡ" ಎಂದರೆ ಮುಗಿಯಿತು, ಅವರ ಹಿಂದೆ ನಿಂತಿದ್ದ ನಾಲ್ಕು ಜನವೂ ಮುಂದಿನ ಲಾಟಿಗೆ ಹೋಗುತ್ತಿದ್ದರು.

ಹರಾಜು ಮೊಬೈಲಿಗೆ ಬಂದ ಮೇಲೂ ಕೈ ಇಳಿಸುವುದು ನಿಲ್ಲಲಿಲ್ಲ. ಪಕ್ಕದಲ್ಲಿ ವಿಮಾನ ನಿಲ್ದಾಣ ಬಂದು ಎಂಟು ವರ್ಷವಾಗಿತ್ತು. ಮಗ ವಿಜಯ್ ಅಲ್ಲಿ ಪ್ರಯಾಣಿಕರ ಪೆಟ್ಟಿಗೆ ಏರಿಸಿ ಇಳಿಸುವ ಕಂಪನಿಯಲ್ಲಿ ಸೂಪರ್‌ವೈಸರು. ಅಪ್ಪ ಎತ್ತಿ ಕುಲುಕಿ ನೋಡುವುದು, ಮಗ ಕುಲುಕದೆ ಎತ್ತುವುದು. ಮನೆಯಲ್ಲಿ ಎರಡೂ ಕಸುಬು ಇದ್ದವು.

ಆ ವರ್ಷ ಮಾವನಿಗೆ ಬೆನ್ನುನೋವು ಶುರುವಾಯಿತು. ರೀಲರಿಗೆ ಬೆನ್ನುನೋವು ಬರದಿದ್ದರೆ ತಾನೇ ಆಶ್ಚರ್ಯ ಎಂದು ಎಲ್ಲರೂ ಆರು ತಿಂಗಳು ಸುಮ್ಮನಿದ್ದರು. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ಶಾಖವಾಯಿತು, ಮನೆಯ ಮಂಚ ದಕ್ಷಿಣದಿಂದ ಪೂರ್ವಕ್ಕೆ ತಿರುಗಿತು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದರು, ಮೂತ್ರ ನೋಡಿದರು, ಕೊನೆಗೆ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಮಾವ ಹಲ್ಲು ಕಚ್ಚಿಕೊಂಡು ಮಲಗಿದ್ದವರು ಎದ್ದ ಮೇಲೆ ಹೇಳಿದ್ದು ಒಂದೇ ಮಾತು.

"ಇಷ್ಟ್ ದಿನ ಮೇಲ್ಮೇಲೆ ನೋಡ್ತಿದ್ರು. ಇವತ್ತು ತಳಕ್ಕೆ ಕೈ ಹಾಕಿದ್ರು ನೋಡು. ಇವ್ರಿಗೆ ಕೆಲ್ಸ ಗೊತ್ತು ಕಣೋ."

ತಳದಿಂದ ಬಂದ ಗೂಡು ಚೆನ್ನಾಗಿರಲಿಲ್ಲ. ಮಲ್ಟಿಪಲ್ ಮೈಲೋಮ ಎಂದರು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರು. ಪೂರ್ತಿ ಹೋಗುವುದು ಕಷ್ಟ, ಆದರೆ ಔಷಧಿಯಿಂದ ವರ್ಷಗಟ್ಟಲೆ ಹದ್ದುಬಸ್ತಿನಲ್ಲಿ ಇಡಬಹುದು, ಮೂಳೆ ಇನ್ನಷ್ಟು ಟೊಳ್ಳಾಗುವ ಮುಂಚೆ ಶುರು ಮಾಡಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು. ಮಾವ ಒಪ್ಪಿದರು. ಮೂರು ವಾರ ಬಿಟ್ಟು ಒಂದು ಸೋಮವಾರ ಮೊದಲ ಇಂಜೆಕ್ಷನ್ನು ಎಂದು ಗೊತ್ತಾಯಿತು. "ಮಜ್ಜೆ ಅಂತಾರೆ, ಅದ್ರಲ್ಲಿ ಮಜ ಮಾತ್ರ ಒಂಚೂರೂ ಇಲ್ಲ" ಎಂದು ಬಸ್ಸಿನಲ್ಲಿ ಅವರೇ ನಗಿಸಿದರು. ನಮ್ಮ ಬಳಗದಲ್ಲಿ ಮಾತಿನ ಈ ಚಟ ನನಗೊಬ್ಬನಿಗೇ ಅಂಟಿದೆ ಎಂದು ಅತ್ತೆ ಬೈಯುವುದು ಸುಳ್ಳು.

ಆ ಆಸ್ಪತ್ರೆಯಲ್ಲಿ ಹರ್ಷಿತ ಎಂಬ ಹುಡುಗಿ ಡಾಕ್ಟರು ಒಂದು ಸಂಶೋಧನೆ ನಡೆಸುತ್ತಿದ್ದಳು. ಅವಳ ಊರು ನಮ್ಮ ಸೀಮೆಯ ಆವತಿ ಎಂದು ತಿಳಿದ ಕೂಡಲೇ ಮಾವನಿಗೆ ಅವಳು ಡಾಕ್ಟರಮ್ಮನಿಂದ ಮಗಳಾಗಿ ಬಡ್ತಿ ಪಡೆದಳು. ಅವಳು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದಳು. ಈ ಕಾಯಿಲೆಯ ಕಣಗಳು ತಮ್ಮ ಹೊಟ್ಟೆಗೆ ಬೇಕಾದ ರಕ್ತ ತರಿಸಿಕೊಳ್ಳಲು ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತವೆ. ಅದಕ್ಕಾಗಿ ಒಂದು ಬೆಳವಣಿಗೆ ಅಂಶವನ್ನು ಬಿಡುತ್ತವೆ. ಅದು ರಕ್ತದಲ್ಲಿ ಎಷ್ಟಿದೆ ಎಂದು ಅಳೆದರೆ ಕಾಯಿಲೆ ಯಾರಲ್ಲಿ ಓಡುತ್ತದೆ, ಯಾರಲ್ಲಿ ನಡೆಯುತ್ತದೆ ಎಂದು ಮೊದಲೇ ಊಹಿಸಲು ಆಗುತ್ತದೆಯೋ ಏನೋ, ಅದನ್ನೇ ತಾವು ನೋಡುತ್ತಿರುವುದು.

"ಅಂದ್ರೆ ಒಂದ್ ಹಿಡಿ ತೆಗ್ದು ಲಾಟು ಹೇಳೋದು" ಎಂದರು ಮಾವ.

"ಹೂಂ, ಹಂಗೇ ಅಂದ್ಕೊಳ್ಳಿ ತಾತ. ಆದ್ರೆ ಇದಿನ್ನೂ ಪರೀಕ್ಷೆ ಹಂತ್ದಲ್ಲಿದೆ. ನಿಮ್ ಔಷ್ಧಿ ಇದ್ರ ಮೇಲೆ ನಿಂತಿಲ್ಲ."

ಮಾವ ಮೊದಲ ಮಾತನ್ನು ಮಾತ್ರ ಕೇಳಿಸಿಕೊಂಡರು. ಎರಡನೆಯದು ಲಾಟಿನ ಮೇಲಿನ ಗೂಡು ಎಂದು ಬಿಟ್ಟಿರಬೇಕು.

ರಕ್ತವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆಯಬೇಕಿತ್ತು. ಬೆನ್ನುನೋವಿನ ಮನುಷ್ಯ ಅಷ್ಟು ಹೊತ್ತಿಗೆ ಬೆಂಗಳೂರು ತಲುಪುವುದು ಕಷ್ಟ. ಹರ್ಷಿತ ಒಂದು ದಾರಿ ಹುಡುಕಿದಳು. ವಿಜಯಪುರದಲ್ಲಿ ಲ್ಯಾಬು ಇಟ್ಟಿರುವ ಗುರು ಎಂಬಾತ ಬೆಳಿಗ್ಗೆ ರಕ್ತ ತೆಗೆದು, ಅವಳು ಕೊಟ್ಟ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸಿನ ಚೀಲದ ನಡುವೆ ಇಡುವುದು. ಅದನ್ನು ನಾವು ಬಸ್ಸಿನಲ್ಲಿ ತರುವುದು. ವಿಜಯನಿಗೆ ಶಿಫ್ಟು. ಹಾಗಾಗಿ ಮಾವನ ಜೊತೆಗೆ ನಾನು.

ಗುರು ಕೊಳವೆಗೆ ರಕ್ತ ತೆಗೆದ, ಚೀಟಿ ಅಂಟಿಸಿದ, ಪೆಟ್ಟಿಗೆ ಮುಚ್ಚಿದ. "ಅಣ್ಣೋ, ತಣ್ಣಗೇ ಇರ್ಬೇಕು, ಅಲ್ಲಾಡಿಸ್ಬಾರ್ದು" ಎಂದ. ಅಣ್ಣ ಎಂದದ್ದು ನನ್ನನ್ನೋ ಮಾವನನ್ನೋ ಇಬ್ಬರಿಗೂ ಗೊತ್ತಾಗದೆ ಇಬ್ಬರೂ ತಲೆಯಾಡಿಸಿದೆವು. ಎಚ್ಚರಿಕೆ ಇಬ್ಬರದೂ ಎಂದರೆ ಯಾರದೂ ಅಲ್ಲ.

ಬಸ್ಸು ದೇವನಹಳ್ಳಿ ದಾಟುವ ಹೊತ್ತಿಗೆ ಪೆಟ್ಟಿಗೆ ಬೆವರತೊಡಗಿತು. ರೀಲರ್ ಮನೆಯಲ್ಲಿ ತೇವ ಎಂದರೆ ಕಳ್ಳನಿಗಿಂತ ಕಡೆ. ನೀರು ಬಿದ್ದ ಗೂಡು ಮಂಕಾಗುತ್ತದೆ, ಬೂಷ್ಟು ಹಿಡಿಯುತ್ತದೆ. ನಲವತ್ತು ವರ್ಷ ತೇವದ ಮೇಲೆ ಕಣ್ಣಿಟ್ಟಿದ್ದ ಕೈ ಸುಮ್ಮನಿರಲಿಲ್ಲ. ಮಾವ ಪೆಟ್ಟಿಗೆ ತೆರೆದರು, ಕೊಳವೆ ತೆಗೆದರು, ಪಂಚೆಯ ತುದಿಯಿಂದ ಒರೆಸಿದರು, ಒಣ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಟವೆಲು ಬಿಚ್ಚಿ, ಕೊಳವೆಯನ್ನು ಕಿವಿಯ ಹತ್ತಿರ ಹಿಡಿದರು. ಕುಲುಕಿದರು. ಬಸ್ಸು ಇನ್ನೊಮ್ಮೆ ನಿಂತಿತು, ಇನ್ನೊಮ್ಮೆ ಕುಲುಕಿದರು. ಹೆಬ್ಬಾಳದಲ್ಲಿ ಬಸ್ಸು ಎಷ್ಟು ಸಲ ನಿಲ್ಲುತ್ತದೆ ಎಂದು ಅಲ್ಲಿ ನಿಂತವರಿಗೆ ಗೊತ್ತು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಬೆಂಕಿಪೊಟ್ಟಣದಿಂದ ಮೊಬೈಲಿನವರೆಗೆ ಎಲ್ಲವನ್ನೂ ಕುಲುಕುವುದು ಕಂಡವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅವರು ಪೆಟ್ಟಿಗೆಯನ್ನು ಚೊಕ್ಕಟವಾಗಿ ಒರೆಸಿ, ಕೊಳವೆಯನ್ನು ಮೊದಲಿನಂತೆಯೇ ಐಸಿನ ನಡುವೆ ಇಟ್ಟು ಕೊಟ್ಟರು. ಒದ್ದೆ ಪೆಟ್ಟಿಗೆ ಕೊಡುವುದು ಮರ್ಯಾದೆಯಲ್ಲವಲ್ಲ.

ಎಂಟು ದಿನ ಕಳೆದು ಮಾವನೇ ಹರ್ಷಿತಳಿಗೆ ಫೋನು ಮಾಡಿದರು. ಅದು ಸಂಶೋಧನೆಯ ಲೆಕ್ಕ, ಹೇಳುವ ಹಾಗಿಲ್ಲ ಎಂದಳು. "ನಾನು ರೇಟ್ ಕೇಳ್ತಿಲ್ಲಮ್ಮ, ಕ್ವಾಲಿಟಿ ಕೇಳ್ತಿದೀನಿ" ಎಂದರು. ಮಾರುಕಟ್ಟೆಯಲ್ಲಿ ನಲವತ್ತು ವರ್ಷ ರೈತರ ಬಾಯಿಂದ ನಿಜ ಹೊರಡಿಸಿದವರ ಮುಂದೆ ಆ ಹುಡುಗಿ ಎಷ್ಟು ಹೊತ್ತು ತಡೆದಾಳು? ಸ್ವಲ್ಪ ಜಾಸ್ತಿ ಬಂದಿದೆ ತಾತ, ಎಂದಳು. ಸ್ವಲ್ಪ ಎಂದರೆ ಎಷ್ಟು? ತಾವು ಜಾಸ್ತಿ ಎಂದು ಎಳೆದಿರುವ ಗೆರೆಯ ದುಪ್ಪಟ್ಟು. ಆದರೆ ಅದೊಂದನ್ನೇ ನಂಬಬಾರದು ಎಂದು ಅವಳು ಹೇಳುತ್ತಿದ್ದ ಹಾಗೆಯೇ ಮಾವ ಫೋನನ್ನು ಕಿವಿಯಿಂದ ತೆಗೆದರು.

ಮಾರನೆಯ ಬೆಳಿಗ್ಗೆ ಅವರು ಮಾರುಕಟ್ಟೆಗೆ ಹೋಗಲಿಲ್ಲ. ಶೆಡ್ಡಿನ ಒಲೆ ಹಚ್ಚಲಿಲ್ಲ. ನನ್ನನ್ನು ಕರೆಸಿದರು.

"ಸೋಮ್ವಾರ ಬರಲ್ಲ ಅಂತ ಆಸ್ಪತ್ರೆಗೆ ಇಂಗ್ಲಿಷ್‌ನಲ್ಲಿ ಬರ್ದು ಕೊಡು. ಕಾನ್ವೆಂಟಿನಲ್ಲಿ ಓದಿದ್ದು ಯಾವತ್ತಿಗೆ?"

"ಯಾಕ್ ಮಾವ?"

"ಲಾಟು ಕೆಟ್ಟೋಗೈತೆ. ಕೆಟ್ಟ ಲಾಟು ತಗಂಡು ಬೇಯ್ಸೋದು ಯಾಕೆ? ನಾನು ಯಾವತ್ತಾದ್ರೂ ತಗಂಡಿದೀನಾ?"

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಕ್ಕಿಯ ಮೊರ. "ನೀವೇನು ಗೂಡಾ?" ಎಂದಳು.

"ಗೂಡಲ್ದೆ ಇನ್ನೇನೇ. ಒಳಗೊಂದು ಹುಳ, ಸುತ್ತ ಒಂದು ಗೋಡೆ."

"ಹುಳ ಅಂತ ಇವತ್ತು ಗೊತ್ತಾಯ್ತಾ ನಿಮ್ಗೆ? ನಾನು ಮದ್ವೆ ಆದ್ ವಾರದಲ್ಲೇ ಕಂಡಿದ್ದೆ" ಎಂದು ಅತ್ತೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಮೊರದ ಸದ್ದು ಬಹಳ ಹೊತ್ತು ಕೇಳಿಸಿತು. ಆರಿಸಲು ಅಷ್ಟು ಕಲ್ಲು ಆ ಅಕ್ಕಿಯಲ್ಲಿರಲಿಲ್ಲ.

ನಾನು ಬರೆದುಕೊಡಲಿಲ್ಲ. ಇಂಗ್ಲಿಷ್ ಮರೆತಿದೆ ಎಂದೆ. ಕಾನ್ವೆಂಟಿನ ಸಿಸ್ಟರುಗಳು ಕೇಳಿದ್ದರೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಸಂಜೆ ಅಪ್ಪಯ್ಯಣ್ಣ ಬಂದ. ಎರಡು ಬೀದಿ ಆಚೆಯ ರೀಲರು, ಮಾವನ ಸಮವಯಸ್ಕ, ಮಾರುಕಟ್ಟೆಯಲ್ಲಿ ಮಾವನ ಮಾತಿಗೆ ಎದುರಾಡುವ ಒಬ್ಬನೇ ಮನುಷ್ಯ. ಜಗುಲಿಯಲ್ಲಿ ಕೂತು ಕಾಫಿ ಮುಗಿಸುವವರೆಗೂ ಕಾಯಿಲೆಯ ಸುದ್ದಿ ಎತ್ತಲಿಲ್ಲ. ಆಮೇಲೆ ಲೋಟ ಕೆಳಗಿಟ್ಟ.

"ಲೇ ಆದಿ, ಮಾರ್ಕೆಟ್‌ನಲ್ಲಿ ಎಲ್ರೂ ಕೇಳ್ತವ್ರೆ. ಎಲ್ಲಿ ನಿಮ್ ಜೋತಿಸಿ ಅಂತ."

"ಜೋತಿಸಿಗೆ ಅವನ್ದೇ ಜಾತ್ಕ ಬಂದೈತೆ."

"ಯಾರು ಹೇಳಿದ್ದು?"

"ರಕ್ತ ಹೇಳ್ತು."

"ರಕ್ತ ಏನು, ನೀನು ಗೂಡು ಕುಲ್ಕಿ ಹೇಳ್ದಂಗಾ?" ಅಪ್ಪಯ್ಯಣ್ಣ ನಕ್ಕ. "ಏರ್‌ಪೋರ್ಟ್ ಕೆಲ್ಸ ಶುರುವಾದ್ ವರ್ಷ ನಲ್ಲೂರ್‌ನೋರ್ ಒಂದ್ ಲಾಟು ತಂದಿದ್ರು. ಮೂರು ಗೂಡು ಕುಲ್ಕಿ ಬ್ಯಾಡ ಅಂದೆ. ನೆನಪೈತಾ?"

ಮಾವ ಅಪ್ಪಯ್ಯಣ್ಣನ ಖಾಲಿ ಲೋಟವನ್ನು ಇನ್ನಷ್ಟು ಆಚೆಗೆ ಸರಿಸಿದರು.

"ನಾನು ತಗಂಡೆ. ಎಂಥಾ ಒಳ್ಳೇ ನೂಲು ಬಂತು ಅಂತ ಇವತ್ತಿನ್ವರ್ಗೂ ನೀನು ಬಂದು ನೋಡಿಲ್ಲ. ಕೇಳೂ ಇಲ್ಲ."

"ಆವತ್ತು ಬೆಳಿಗ್ಗೆ ಗಾಡಿ ಮಳೇಲಿ ನೆಂದಿತ್ತಂತೆ, ನೆಂದ ಗೂಡು ಸದ್ದು ಮಾಡಲ್ಲ. ಆಮೇಲೆ ಗೊತ್ತಾಯ್ತು" ಎಂದರು ಮಾವ.

"ಗೊತ್ತಾಗಿತ್ತಾ! ಹತ್ತು ವರ್ಷದಿಂದ ಗೊತ್ತಿದ್ದೂ ಹೇಳ್ಲಿಲ್ವಾ ಕಳ್ಳ!"

ಅಪ್ಪಯ್ಯಣ್ಣ ಗೆದ್ದು ಹೋದ. ಮಾವ ಮಾತ್ರ ಸೋಮವಾರದ ಮಾತಿಗೆ ಬಗ್ಗಲಿಲ್ಲ. ಅತ್ತೆ ಎರಡು ದಿನ ಮಾತು ಬಿಟ್ಟಳು. ವಿಜಯ್ ರಜೆ ಹಾಕಿ ಬಂದು ಕೂತ. ಮೊಮ್ಮಗಳು ಅಕ್ಷತ ಅತ್ತಳು. ಎಲ್ಲರಿಗೂ ಮಾವನದು ಒಂದೇ ಉತ್ತರ: ನಾನು ಸಾಯ್ತೀನಿ ಅಂತ ಹೇಳ್ತಿಲ್ಲ, ಬೇಯಲ್ಲ ಅಂತಿದೀನಿ.

ಆ ಸೋಮವಾರ ಅವರನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಮ್ಮಲ್ಲಿ ಯಾರೂ ಅಲ್ಲ, ಥರ್ಮಾಕೋಲ್ ಪೆಟ್ಟಿಗೆ. ಹಿಂದಿನ ಸಲ ರಕ್ತ ತೆಗೆದುಕೊಂಡು ಹರ್ಷಿತ ಖಾಲಿ ಪೆಟ್ಟಿಗೆಯನ್ನು ಇನ್ನೊಮ್ಮೆಗೆ ಬೇಕಾಗುತ್ತದೆ ಎಂದು ನಮ್ಮ ಕೈಗೇ ಕೊಟ್ಟಿದ್ದಳು. ಮಾರುಕಟ್ಟೆಯಲ್ಲಿ ಗೂಡು ತುಂಬಿಕೊಂಡು ಬಂದ ಬುಟ್ಟಿಯನ್ನು ವಾಪಸು ಮುಟ್ಟಿಸದ ರೀಲರು ಮುಂದಿನ ವಾರ ತಲೆ ಎತ್ತಿ ನಿಲ್ಲಲಾರ. "ಇನ್ನೊಬ್ರ ಬುಟ್ಟಿ ಮನೇಲಿ ಇಟ್ಕಂಡು ಕೂರಲ್ಲ ನಾನು. ಕೊಟ್ಟು, ಬರಲ್ಲ ಅಂತ ಬಾಯಲ್ಲೇ ಹೇಳಿ ಬರ್ತೀನಿ" ಎಂದರು. ಪೆಟ್ಟಿಗೆಯನ್ನು ಬಿಸಿಲಲ್ಲಿ ಒಣಗಿಸಿ, ಪೇಪರು ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ನಾನೂ ಹತ್ತಿದೆ. ಈ ಸಲ ಅತ್ತೆಯೂ ಹತ್ತಿದಳು, ಕೇಳದೆ.

ಹರ್ಷಿತಳ ಕೋಣೆ ಎಂದರೆ ಒಂದು ಮೇಜು, ಎರಡು ಕುರ್ಚಿ, ಒಂದು ಫ್ರಿಜ್ಜು. ಅವಳು ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತ, "ಕೂತ್ಕೊಳ್ಳಿ ತಾತ, ಒಂದ್ನಿಮ್ಷ" ಎಂದಳು. ಮಾವ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಮೇಜಿನ ಮೇಲೆ ಮುಚ್ಚಳ ಹಾಕಿದ ಒಂದು ಕೊಳವೆ ಇತ್ತು, ಒಳಗೆ ಬರೀ ನೀರಿನಂಥದ್ದೇನೋ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಮಾವ ಆ ಕೊಳವೆಯನ್ನು ಎತ್ತಿದರು, ಕಿವಿಯ ಹತ್ತಿರ ಹಿಡಿದರು, ಎರಡು ಸಲ ಕುಲುಕಿದರು.

ಹರ್ಷಿತ ತಲೆ ಎತ್ತಿದಳು.

ಪೇಟೆಯಲ್ಲಿ ಹುಟ್ಟಿದ ಡಾಕ್ಟರಾಗಿದ್ದರೆ ಕೊಳವೆ ಕಿತ್ತುಕೊಂಡು ಬೈದು ಕಳಿಸುತ್ತಿದ್ದಳೋ ಏನೋ. ಇವಳು ಆವತಿಯವಳು, ಇವಳ ಅಜ್ಜಿ ದ್ಯಾವಮ್ಮ ಹುಳ ಸಾಕಿ ಗೂಡು ಕಟ್ಟಿಸಿದವಳು.

"ತಾತ, ನಮ್ಮಜ್ಜಿನೂ ಹಿಂಗೇ ಮಾಡ್ತಾಳೆ" ಎಂದಳು ನಗುತ್ತ. ಆ ನಗು ಅರ್ಧದಲ್ಲೇ ನಿಂತಿತು. "ತಾತ... ಆವತ್ತು ರಕ್ತ ತರ್ಬೇಕಾದ್ರೂ ಹಿಂಗೇ ಮಾಡಿದ್ರಾ?"

"ಏನೋ ಒಂದೆರಡ್ ಸಲ."

"ಹೆಬ್ಬಾಳದಲ್ಲಿ ಎಷ್ಟು ಸಲ ನಿಂತ್ವೋ ಅಷ್ಟು ಸಲ" ಎಂದೆ ನಾನು. ಜೀವಮಾನದಲ್ಲಿ ನಾನು ಕೊಟ್ಟ ಉಪಯುಕ್ತ ಸಾಕ್ಷ್ಯ ಅದೊಂದೇ.

"ಐಸು?"

"ಒದ್ದೆ ಆಗ್ತಿತ್ತಮ್ಮ. ತೆಗ್ದು ಟವೆಲ್‌ನಲ್ಲಿ ಬೆಚ್ಚಗೆ ಸುತ್ತಿದ್ದೆ. ಒಂದ್ ತೊಟ್ಟು ನೀರು ತಾಗಿಲ್ಲ" ಎಂದರು ಮಾವ, ಹೊಗಳಿಕೆಯ ನಿರೀಕ್ಷೆಯಲ್ಲಿ.

ಹರ್ಷಿತ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ರಕ್ತ ಹೆಪ್ಪುಗಟ್ಟಲು ಸಹಾಯ ಮಾಡುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳಿವೆ. ಅವುಗಳ ಹೊಟ್ಟೆಯಲ್ಲೂ ಇದೇ ಬೆಳವಣಿಗೆ ಅಂಶ ತುಂಬಿರುತ್ತದೆ. ಬೆಚ್ಚಗಿಟ್ಟು ಕುಲುಕಿದರೆ ಅವು ಅದನ್ನೆಲ್ಲ ಹೊರಕ್ಕೆ ಕಕ್ಕುತ್ತವೆ. ಅಳತೆ ಜಾಸ್ತಿ ಬರುತ್ತದೆ. ಅದು ಕಾಯಿಲೆಯ ಅಳತೆಯೋ ಹೆಬ್ಬಾಳದ ಅಳತೆಯೋ ಯಾರೂ ಹೇಳಲಾರರು.

ಮಾವ ಕೊಳವೆಯನ್ನು ಮೇಜಿನ ಮೇಲಿಟ್ಟರು. ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು.

"ಅಂದ್ರೆ ಮಳೇಲಿ ನೆಂದ ಗಾಡಿ" ಎಂದರು.

ಹರ್ಷಿತಳಿಗೆ ಅರ್ಥವಾಗಲಿಲ್ಲ. ನನಗಾಯಿತು. ಅಪ್ಪಯ್ಯಣ್ಣ ಅಲ್ಲಿರಬೇಕಿತ್ತು.

"ಆ ಲೆಕ್ಕ ಕೇಳಿ ಇವ್ರು ಔಷ್ಧಿನೇ ಬ್ಯಾಡ ಅಂತಿದಾರೆ. ಈಗ ತೆಗೆದ್ರೆ ಕಮ್ಮಿ ಬರುತ್ತಾ?" ಅತ್ತೆ ಮೊದಲ ಸಲ ಬಾಯಿ ಬಿಟ್ಟಳು.

"ಗೊತ್ತಿಲ್ಲ ಅಮ್ಮ. ಕಮ್ಮಿ ಬರ್ಬೋದು, ಹಂಗೇ ಬರ್ಬೋದು. ಸುಳ್ಳು ಹೇಳಲ್ಲ."

"ಇಲ್ಲೀವರ್ಗೂ ಎಷ್ಟ್ ಲಾಟು ನೋಡಿದೀಯ ಮಗಳೇ?" ಎಂದರು ಮಾವ.

"ನಿಮ್ಮನ್ನ ಬಿಟ್ಟು ಅರವತ್ತ್ಮೂರು ಜನ."

"ಅದ್ರಲ್ಲಿ ನಿನ್ ಮಾತು ಎಷ್ಟು ನಿಜ ಆಯ್ತು?"

"ಇನ್ನೂ ಗೊತ್ತಿಲ್ಲ ತಾತ. ನಾಲ್ಕೈದು ವರ್ಷ ಹೋಗ್ಬೇಕು. ಅವ್ರೆಲ್ಲ ಹೆಂಗಿರ್ತಾರೆ ಅಂತ ನೋಡಿದ್ಮೇಲೆ ತಾನೇ ಗೊತ್ತಾಗೋದು?"

ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆ ಫೋನಿನ ಮೇಲೆ ಮೊದಲ ಸಲ ಅವರ ಮುಖದಲ್ಲಿ ಮಾರುಕಟ್ಟೆಯ ಕಳೆ ಬಂತು.

"ಹಂಗಂದ್ರೆ ನೀನಿನ್ನೂ ನೂಲು ಬಿಚ್ಚೇ ಇಲ್ಲ! ನಾನು ಕುಲ್ಕಿ ಹೇಳ್ತೀನಿ, ಸರಿ. ಆದ್ರೆ ಅವತ್ತೇ ಬೇಯ್ಸಿ ಬಿಚ್ಚಿದ್ರೆ ಸಂಜೆಗೆ ಗೊತ್ತಾಗೋಗುತ್ತೆ ನಾನು ಹೇಳಿದ್ದು ನಿಜಾನೋ ಸುಳ್ಳೋ ಅಂತ. ನಿಂದು ಐದು ವರ್ಷದ ರಾಟೆ."

"ಹೂಂ ತಾತ. ನೀವು ಬಿಟ್ಟು ಹೋದ್ರೆ ಅಷ್ಟೂ ಗೊತ್ತಾಗಲ್ಲ."

ಹೊರಗೆ ನರ್ಸು ಯಾರದೋ ಹೆಸರು ಕೂಗಿದರು. ಎರಡನೆಯ ಸಲ ಕೂಗಿದಾಗ ಅದು ಮಾವನ ಹೆಸರೆಂದು ತಿಳಿಯಿತು. ಇಂಜೆಕ್ಷನ್ನಿನ ಸರದಿ, ರದ್ದು ಮಾಡುವ ಕಾಗದವನ್ನು ನಾನು ಬರೆದಿರಲಿಲ್ಲವಲ್ಲ, ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿತ್ತು.

ಮಾವ ಎದ್ದರು. ಬಾಗಿಲವರೆಗೆ ಹೋಗಿ ತಿರುಗಿದರು. "ಮೊದ್ಲು ರಕ್ತ ತಗೊಳಮ್ಮ, ಔಷ್ಧಿ ಸೇರೋಕ್ ಮುಂಚೆ. ಬರಿಹೊಟ್ಟೇಲೇ ಬಂದಿದೀನಿ."

ಹೌದು, ಬರಿಹೊಟ್ಟೆ. ಬೆಳಿಗ್ಗೆ ಅತ್ತೆ ಕೊಟ್ಟ ಇಡ್ಲಿಯನ್ನು ಸಿಟ್ಟಿನಲ್ಲಿ ಮುಟ್ಟಿರಲಿಲ್ಲ. ಗಂಡ ಹೆಂಡಿರ ಮುನಿಸು ವೈದ್ಯಶಾಸ್ತ್ರಕ್ಕೆ ಉಪಕಾರ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ರಕ್ತ ತೆಗೆದು ಐಸಿನಲ್ಲಿಟ್ಟು ಲ್ಯಾಬಿಗೆ ಕಳಿಸುವವರೆಗೂ ಅತ್ತೆ ಮಾವನ ಎರಡೂ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ನೋಡಿದವರು ಎಂಥ ಪ್ರೀತಿ ಎಂದುಕೊಂಡಿರಬೇಕು. ಪ್ರೀತಿಯೂ ಇತ್ತು.

ಎರಡನೆಯ ಲೆಕ್ಕ ಬರುವ ಹೊತ್ತಿಗೆ ಮಾವನಿಗೆ ಮೂರು ಇಂಜೆಕ್ಷನ್ನು ಮುಗಿದಿತ್ತು. ಹರ್ಷಿತ ಈ ಸಲ ತಾನೇ ಫೋನು ಮಾಡಿದಳು. ಗೆರೆಗಿಂತ ಸ್ವಲ್ಪ ಮೇಲೆ, ಮೊದಲಿನ ಅರ್ಧಕ್ಕಿಂತ ತುಸು ಜಾಸ್ತಿ. "ಮೀಡಿಯಮ್ ಲಾಟು" ಎಂದು ಮಾವ ಮನೆಯವರಿಗೆಲ್ಲ ಸಾರಿದರು. "ಫಸ್ಟ್ ಕ್ಲಾಸ್ ಏನಲ್ಲ. ಆದ್ರೆ ಇಂಥಾವನ್ನ ನಾನೆಷ್ಟ್ ಬಿಚ್ಚಿಲ್ಲ? ಉರಿ ನೋಡ್ಕಂಡು ನಿಧಾನಕ್ಕೆ ಎಳೀಬೇಕು, ಅಷ್ಟೇ."

ಎಳೆದರು. ಮಧ್ಯೆ ಒಮ್ಮೆ ಎಳೆ ತುಂಡಾಯಿತು: ನಾಲ್ಕನೆಯ ವರ್ಷ ಕಾಯಿಲೆ ಮತ್ತೆ ತಲೆ ಎತ್ತಿತು, ಬೇರೆ ಔಷಧಿ ಹಾಕಿ ಮತ್ತೆ ಜೋಡಿಸಿದರು. ಶೆಡ್ಡನ್ನು ಈಗ ಇನ್ನೊಬ್ಬರು ನಡೆಸುತ್ತಾರೆ. ಮಾವ ವಾರಕ್ಕೆರಡು ಸಲ ಮಾರುಕಟ್ಟೆಗೆ ಹೋಗಿ ಸುಮ್ಮನೆ ಕೈ ಇಳಿಸಿ ಬರುತ್ತಾರೆ. ಲಾಟಿಗೆ ಮೂರು ಗೂಡು ಕುಲುಕುತ್ತಿದ್ದವರು ಈಗ ಏಳೆಂಟು ಕುಲುಕುತ್ತಾರೆ, ಆಮೇಲೂ "ಬ್ಯಾಡ" ಎನ್ನುವ ಮುಂಚೆ ರೈತನನ್ನು ಕೇಳುತ್ತಾರೆ: "ದಾರೀಲಿ ಮಳೆ ಬಂತೇನಪ್ಪಾ?"

ಐದು ವರ್ಷ ತುಂಬಿದ ದಿನ ಅವರೇ ಹರ್ಷಿತಳಿಗೆ ಫೋನು ಮಾಡಿದರು. ಅವಳು ಆಗ ಬೇರೆ ಆಸ್ಪತ್ರೆಗೆ ಹೋಗಿದ್ದಳು.

"ಬರ್ಕೋ ಮಗಳೇ" ಎಂದರು. "ಅರವತ್ತ್ನಾಲ್ಕನೇ ಲಾಟು. ಇನ್ನೂ ರಾಟೆ ಮೇಲೈತೆ."